ರಾಜ್ಯದ ಮೂಲ ದಾಖಲೆಗಳು ಮತ್ತು ನಮ್ಮ ಮಕ್ಕಳ ಮಸೂದೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಈ ಸಲದ ರಾಜ್ಯೋತ್ಸವಕ್ಕೆ ಒಂಬತ್ತನೇ ತರಗತಿಯ ಮಕ್ಕಳು ಹಾಡು, ಕುಣಿತದ ಜೊತೆಗೆ ಅಣಕು ವಿಧಾನಸಭೆಯನ್ನೂ ನಡೆಸಲಿದ್ದಾರೆ. ಅಲ್ಲಿ ಮಂಡಿಸುವ ಮಸೂದೆಯನ್ನು ಅವರೇ ಬರೆಯುತ್ತಿದ್ದಾರೆ. ನಮ್ಮ ರಾಜ್ಯ ರೂಪುಗೊಂಡದ್ದಕ್ಕೆ ಸಾಕ್ಷಿಯಾದ ಮೂಲ ದಾಖಲೆಗಳನ್ನು ಕಾಪಾಡಬೇಕು, ಜನ ಬಂದು ನೋಡುವಂತೆಯೂ ಇಡಬೇಕು ಎಂಬುದು ಆ ಮಸೂದೆಯ ತಿರುಳು. ಪರೀಕ್ಷೆಗೆ ಬರದ ವಿಷಯಕ್ಕೆ ಇಷ್ಟು ಹೊತ್ತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ.

ಮೂಲ ದಾಖಲೆ ಎಂದರೆ ಯಾವುದು ಎನ್ನುವಲ್ಲೇ ಮೊದಲ ಜಗಳ ಶುರುವಾಯಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ಇರಲೇಬೇಕು, ಮೈಸೂರು ರಾಜ್ಯ ಕರ್ನಾಟಕವಾದ 1973ರ ಕಾಯ್ದೆಯೂ ಇರಬೇಕು ಎಂದು ಎಲ್ಲರೂ ಒಪ್ಪಿದರು. ಆದರೆ ಎರಡೂ ಸಂಸತ್ತು ಮಾಡಿದ ಕಾಯ್ದೆಗಳು. ಅವುಗಳ ಮೂಲ ಪ್ರತಿಯನ್ನು ಹುಡುಕಬೇಕಾದ್ದು ದೆಹಲಿಯಲ್ಲಿ, ಬೆಂಗಳೂರಿನಲ್ಲಲ್ಲ. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಲು ಮಹಾರಾಜ ಜಯಚಾಮರಾಜ ಒಡೆಯರು 1947ರಲ್ಲಿ ಸಹಿ ಹಾಕಿದ ಸೇರ್ಪಡೆ ಪತ್ರ ಬೇಕೆಂದರು ಕೆಲವರು. ಅದು ಮೈಸೂರಿನ ಕಾಗದ, ಮುಂಬೈ, ಹೈದರಾಬಾದು, ಮದರಾಸು, ಕೊಡಗಿನಿಂದ ಬಂದ ಭಾಗಗಳ ಕಥೆ ಅದರಲ್ಲಿಲ್ಲ ಎಂದು ಹಿಂದಿನ ಬೆಂಚಿನಿಂದ ಆಕ್ಷೇಪ ಬಂತು. ಸರಿಯಾದ ಆಕ್ಷೇಪವೇ. ಬೇರೆ ಬೇರೆ ಆಡಳಿತಗಳಿಂದ ಒಟ್ಟುಗೂಡಿದ ನಾಡಿನ ಕಡತಗಳು ಒಂದೇ ಬೀರುವಿನಲ್ಲಿ ಸಿಗುವುದಾದರೂ ಹೇಗೆ?

ಕಾನೂನು ಈಗಾಗಲೇ ಇಲ್ಲವೆಂದಲ್ಲ. ಕೇಂದ್ರದ ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರಲ್ಲಿ ಬಂತು. ನಮ್ಮ ರಾಜ್ಯ 2010ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ, ಅದು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದ್ದರೆ ಹೊರತು, ನಾಶಪಡಿಸುವಂತಿಲ್ಲ ಎನ್ನುತ್ತದೆ ಕೇಂದ್ರದ ಕಾಯ್ದೆ. ನಿಯಮ ಮೀರಿ ದಾಖಲೆ ನಾಶಮಾಡಿದವರಿಗೆ ಐದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಓದಿದ ದಿನವೇ ಮಕ್ಕಳಿಗೆ ನಮ್ಮ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕವನ್ನೂ ತೋರಿಸಿದೆ. ದತ್ತಿ ಬಿಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನಂತೆ. ಶಿಕ್ಷೆಯ ಕಲಮಿಗೆ ಯಾವುದು ಮೇಲು ಎಂಬ ಚರ್ಚೆ ಗಂಟೆ ಹೊಡೆದರೂ ನಿಲ್ಲಲಿಲ್ಲ.

ಆದರೆ ಕೇಂದ್ರದ ಈ ಕಾಯ್ದೆಯ ಒತ್ತು ದಾಖಲೆ ಹಾಳಾಗದಂತೆ, ಕಳೆಯದಂತೆ ನೋಡಿಕೊಳ್ಳುವುದರ ಮೇಲೆ. ಜನಸಾಮಾನ್ಯರು ಎದುರಿಗೆ ನಿಂತು ನೋಡುವ ಮಾತು ಬೇರೆಯೇ. ಕಲ್ಲಿನ ಶಾಸನಕ್ಕೆ ಈ ತಾಪತ್ರಯವಿರಲಿಲ್ಲ. ಗುಡಿಯ ಮುಂದೆ ನಿಲ್ಲಿಸಿದರೆ ಕಾಪಾಡಿದಂತೆಯೂ ಆಯಿತು, ತೋರಿಸಿದಂತೆಯೂ ಆಯಿತು. ಕಾಗದ ಹಾಗಲ್ಲ. ತೋರಿಸಿದಷ್ಟೂ ಸವೆಯುತ್ತದೆ.

ಇದಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗಿಂತ ದೊಡ್ಡ ಪಾಠ ಬೇಡ. 1841ರಿಂದ ಮೂವತ್ತೈದು ವರ್ಷ ಅದನ್ನು ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿಯ ಕಟ್ಟಡದಲ್ಲಿ, ಕಿಟಕಿಯ ಬೆಳಕು ಬೀಳುವ ಗೋಡೆಗೆ ತೂಗುಹಾಕಿದ್ದರು. ಪ್ರೀತಿಯಿಂದಲೇ ಹಾಕಿದ್ದು. ಇವತ್ತು ಅದರ ಸಹಿಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣುವುದೇ ಕಷ್ಟ. ಬೆಳಕಿನ ಪೆಟ್ಟು ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ, ಕತ್ತಲಲ್ಲಿಟ್ಟರೆ ಮಾಸಿದ ಶಾಯಿ ಮತ್ತೆ ಬರುವುದಿಲ್ಲ. ಹಾಗಾಗಿ ಹಳೆಯ ಕಾಗದದ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ವಸ್ತುಸಂಗ್ರಹಾಲಯಗಳು ನೋಡಿಕೊಳ್ಳುತ್ತವೆ. ನಮ್ಮ ಸಂವಿಧಾನದ ಕೈಬರಹದ ಮೂಲ ಪ್ರತಿಗಳು ಸಂಸತ್ತಿನ ಗ್ರಂಥಾಲಯದಲ್ಲಿ ನೈಟ್ರೋಜನ್ ತುಂಬಿದ, ಗಾಳಿಯಾಡದ ಪೆಟ್ಟಿಗೆಗಳಲ್ಲಿವೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ ಕೂಡಿ ಮಾಡಿದ ಪೆಟ್ಟಿಗೆಗಳವು.

ಹಾಗಾದರೆ ಜನಕ್ಕೆ ನಕಲು ತೋರಿಸಿದರೆ ಸಾಲದೇ? ತರಗತಿ ಈಗ ಎರಡು ಬಣವಾಗಿರುವುದು ಇಲ್ಲೇ. ಹಲ್ಮಿಡಿ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ, ಹಲ್ಮಿಡಿಯಲ್ಲಿ ನಿಂತಿರುವುದು ಪ್ರತಿಕೃತಿ. ಅದರಿಂದ ಯಾರಿಗೂ ಬೇಜಾರಾಗಿಲ್ಲ ಎನ್ನುತ್ತದೆ ಒಂದು ಬಣ. ಆ ಊರಿನವರನ್ನು ಕೇಳಿದ್ದೀರಾ ಎನ್ನುತ್ತದೆ ಇನ್ನೊಂದು. ನನ್ನ ಅಭಿಪ್ರಾಯ ಕೇಳಿದರೆ, ವರ್ಷವಿಡೀ ಒಳ್ಳೆಯ ನಕಲು, ನವೆಂಬರಿನಲ್ಲಿ ಕೆಲವೇ ದಿನ ಮಂದ ಬೆಳಕಿನಲ್ಲಿ ಮೂಲ ಪ್ರತಿ. ಅದಕ್ಕಿಂತ ಮುಖ್ಯ, ಹಣ ಎಲ್ಲಿಂದ ಬರುತ್ತದೆ, ಹೊಣೆ ಯಾವ ಅಧಿಕಾರಿಯದು ಎಂಬ ಎರಡು ಕಲಮು. ಮಕ್ಕಳ ಮೊದಲ ಕರಡಿನಲ್ಲಿ "ಸಂರಕ್ಷಿಸತಕ್ಕದ್ದು, ಪ್ರದರ್ಶಿಸತಕ್ಕದ್ದು" ಎಂದು ಗಂಭೀರವಾಗಿಯೇ ಇತ್ತು, ಯಾರು ಎಂದು ಮಾತ್ರ ಇರಲಿಲ್ಲ. ದೊಡ್ಡವರ ಕರಡುಗಳಲ್ಲೂ ಇದೇ ಹಾಡು, ಬಿಡಿ. ನನ್ನ ಅಭಿಪ್ರಾಯವನ್ನು ಮಕ್ಕಳಿಗೆ ಹೇಳಿಲ್ಲ. ನೀವೂ ದಯವಿಟ್ಟು ಹೇಳಬೇಡಿ.

ನಿಮ್ಮಿಂದ ಆಗಬೇಕಾದ್ದು ಸ್ವಲ್ಪವಿದೆ. ಮನೆಯಲ್ಲಿರುವ ಹಳೆಯ ಕಾಗದಗಳ ಬಗ್ಗೆ ಮಕ್ಕಳು ಕೇಳುತ್ತಾರೆ. ಅಜ್ಜನ ಕಾಲದ ಕ್ರಯಪತ್ರ, ಕಾಗದ, ಓಲೆಗರಿ ಇದ್ದರೆ ತೋರಿಸಿ, ಆದರೆ ಶಾಲೆಗೆ ಕಳಿಸಬೇಡಿ. ಮೊಬೈಲಿನಲ್ಲಿ ತೆಗೆದ ಫೋಟೊ ಸಾಕು, ಸರ್ವೆ ನಂಬರು, ಹೆಬ್ಬೆಟ್ಟು, ಸಹಿ ಕಾಣದಂತೆ ಮುಚ್ಚಿ. ಹರಿದ ಕಡೆ ಸೆಲೋ ಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡ. ಟೇಪಿನ ಅಂಟು ಕಾಗದವನ್ನು ಕಂದಾಗಿಸುತ್ತದೆ, ಲ್ಯಾಮಿನೇಷನ್ ಬಿಡಿಸಲು ಹೋದರೆ ಕಾಗದವೂ ಜೊತೆಗೆ ಕಿತ್ತು ಬರುತ್ತದೆ. ಪೋಷಕರಲ್ಲಿ ವಕೀಲರು, ನೋಂದಣಿ ಅಥವಾ ಕಂದಾಯ ಇಲಾಖೆಯಲ್ಲಿ ಕೆಲಸ ಮಾಡುವವರು ಇದ್ದರೆ, ಕಡತಗಳನ್ನು ನಿಜಕ್ಕೂ ಹೇಗೆ ಇಡುತ್ತಾರೆ ಎಂದು ಒಂದು ಪೀರಿಯಡ್ ಬಂದು ಹೇಳಿದರೆ ಉಪಕಾರ.

ಅಧಿವೇಶನಕ್ಕೆ ನೀವೆಲ್ಲ ಬರಬೇಕು. ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತವರು ನಡುವೆ ಬಾಯಿ ಹಾಕುವಂತಿಲ್ಲ, ಹಾಕಿದರೆ ಹೊರಗೆ ಕಳಿಸಲಾಗುವುದು ಎಂದು ತಿಳಿಸುವಂತೆ ಸಭಾಧ್ಯಕ್ಷೆಯ ಸೂಚನೆಯಾಗಿದೆ.

ಇಂತಿ,
ಮುಖ್ಯೋಪಾಧ್ಯಾಯರು