ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಓದುತ್ತಿರುವ ಪುಟ್ಟಿಗೆ

ಮಡಿಕೇರಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನಗೆ ರೂಮು ಸಿಕ್ಕಿದ್ದು, ಕ್ಲಾಸು ಶುರುವಾದದ್ದು ನಿನ್ನಪ್ಪ ಹೇಳಿದ. ಫೋನಿನಲ್ಲಿ ನೀನು ಕೇಳಿದ ಮಾತು ನನ್ನ ತಲೆಯಲ್ಲೇ ಉಳಿದಿದೆ. "ಇಲ್ಲಿಯವರು ಅಮೆರಿಕದ ಕಡೆ, ಉತ್ತರದವರು ಚೀನಾ-ರಷ್ಯಾ ಕಡೆ. ನಾವು ಮಾತ್ರ ಯಾರ ಕಡೆಯೂ ಇಲ್ಲ ಅಂತ ಎಷ್ಟು ದಿನ ಹೇಳ್ಕೊಂಡು ಓಡಾಡೋದು? ಅದು ಹೆದರಿಕೆ ಅಲ್ವಾ ದೊಡ್ಡಪ್ಪ?" ಅಂದೆಯಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತನಾದ ನನ್ನಂಥವನಿಗೆ ಆ ಪ್ರಶ್ನೆಯನ್ನು ಎರಡು ಮಾತಿನಲ್ಲಿ ಮುಗಿಸುವುದು ಆಗಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ನೀನಿರುವ ನೆಲದ ವಿಷಯ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆಗಸ್ಟ್ 1945ರಲ್ಲಿ ಜಪಾನ್ ಕುಸಿಯುವ ಹೊತ್ತಿಗೆ ಸೋವಿಯತ್ ಪಡೆಗಳು ಆಗಲೇ ಉತ್ತರದಿಂದ ಇಳಿಯುತ್ತಿದ್ದವು. ಅಮೆರಿಕದ ಸೈನ್ಯ ಇನ್ನೂ ದೂರದಲ್ಲಿತ್ತು. ವಾಷಿಂಗ್ಟನ್‌ನಲ್ಲಿ ನಡುರಾತ್ರಿ ಇಬ್ಬರು ಕರ್ನಲ್‌ಗಳಿಗೆ, ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಅವರಿಗೆ, ಎಲ್ಲಿ ಗೆರೆ ಎಳೆಯೋಣ ಹೇಳಿ ಎಂಬ ಕೆಲಸ ಬಿತ್ತು. ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಫಿಕ್‌ನ ಒಂದು ನಕಾಶೆ. ಇದ್ದ ಸಮಯ ಅರ್ಧ ಗಂಟೆ. ಸೋಲ್ ತಮ್ಮ ಪಾಲಿಗೆ ಬರುವಂತೆ ನೋಡಿಕೊಂಡು 38ನೇ ಅಕ್ಷಾಂಶ ಎಂದು ಬರೆದುಕೊಟ್ಟರು. ಸ್ಟಾಲಿನ್ ತಕರಾರಿಲ್ಲದೆ ಒಪ್ಪಿದ. ಆ ಕೋಣೆಯಲ್ಲಿ ಒಬ್ಬ ಕೊರಿಯನ್ನನೂ ಇರಲಿಲ್ಲ. ಇದೇ ರಸ್ಕ್ ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದರು, ವಿಯೆಟ್ನಾಂ ಯುದ್ಧದ ಕಾಲದಲ್ಲಿ. ಅಲ್ಲಿಯೂ ಒಂದು ಗೆರೆಯಿತ್ತು, 17ನೇ ಅಕ್ಷಾಂಶ.

ಜಪಾನೀಯರ ಶರಣಾಗತಿ ಪಡೆಯಲು ಎಳೆದ ತಾತ್ಕಾಲಿಕ ಗೆರೆ ಅದು. ಮೂರೇ ವರ್ಷದಲ್ಲಿ, 1948ರಲ್ಲಿ, ಅದರ ಎರಡೂ ಬದಿಗೆ ಎರಡು ಸರಕಾರಗಳು ಎದ್ದು ನಿಂತವು. ಇಡೀ ಕೊರಿಯಾ ತನ್ನದೇ ಎಂದು ಎರಡೂ ಹೇಳಿದವು. 25 ಜೂನ್ 1950ರಂದು ಉತ್ತರದ ಸೈನ್ಯ ಗೆರೆ ದಾಟಿತು. ಅದನ್ನು ಆಕ್ರಮಣ ಎಂದು ವಿಶ್ವಸಂಸ್ಥೆ ಹೇಳಿದಾಗ ನಮ್ಮ ದೇಶವೂ ಒಪ್ಪಿತು. ಇದನ್ನು ಗಮನಿಸು, ಯಾರ ಕಡೆಯೂ ಅಲ್ಲದಿದ್ದರೂ ತಪ್ಪನ್ನು ತಪ್ಪೆಂದೇ ಅಂದೆವು. ಹೋರಾಡಲು ಸೈನ್ಯ ಕಳಿಸಲಿಲ್ಲ, ಗಾಯಾಳುಗಳಿಗಾಗಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್ ದಳವನ್ನು ಕಳಿಸಿದೆವು. ಆಮೇಲೆ ಅಮೆರಿಕದ ಪಡೆಗಳು ಉತ್ತರದವರನ್ನು ಹಿಂದಕ್ಕೆ ಅಟ್ಟಿ 38ನೇ ಅಕ್ಷಾಂಶದ ಬಳಿ ಬಂದು ನಿಂತಾಗ, ಬೀಜಿಂಗ್‌ನಲ್ಲಿದ್ದ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಚೀನಾದ ಪ್ರಧಾನಿ ಝೌ ಎನ್‌ಲೈ ರಾತ್ರೋರಾತ್ರಿ ಕರೆಸಿಕೊಂಡರು. ಅಮೆರಿಕನ್ನರು ಗೆರೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದರು. ದೆಹಲಿ ಆ ಎಚ್ಚರಿಕೆಯನ್ನು ಮುಟ್ಟಿಸಿತು. ಪಣಿಕ್ಕರ್ ಚೀನಾದ ಕಡೆಗೆ ವಾಲಿದವರು ಎಂದುಕೊಂಡು ಅಮೆರಿಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಚೀನೀ ಪಡೆಗಳು ಯುದ್ಧಕ್ಕಿಳಿದವು. ನೀನಿರುವ ಸೋಲ್ ನಾಲ್ಕು ಸಲ ಕೈ ಬದಲಾಯಿಸಿತು. ಕೊರಿಯಾದ ಮೇಲೆ, ಹೆಚ್ಚಾಗಿ ಉತ್ತರದಲ್ಲಿ, ಅಮೆರಿಕ ಸುರಿದ ಬಾಂಬುಗಳ ತೂಕ ಆರು ಲಕ್ಷ ಟನ್ನಿಗೂ ಹೆಚ್ಚು. ಆ ಒಂದು ರಾತ್ರಿಯ ಮಾತನ್ನು ಕೇಳಿಸಿಕೊಂಡಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಉತ್ತರ ನಮ್ಮೂರಿನಲ್ಲೇ ಇದೆ ಪುಟ್ಟಿ. ಬಸ್‌ಸ್ಟ್ಯಾಂಡಿಗೆ ಹೋಗಿಬರುವಾಗ ಎಷ್ಟು ಸಲ ನೋಡಿದ್ದೀಯ, ಸನ್ನಿಸೈಡ್, ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. ಯುದ್ಧ ನಿಲ್ಲಿಸುವ ಮಾತುಕತೆ 1951ರಲ್ಲೇ ಶುರುವಾಗಿತ್ತು. ಅದು ಒಂದೂವರೆ ವರ್ಷ ಸಿಕ್ಕಿಹಾಕಿಕೊಂಡದ್ದು ಯುದ್ಧಕೈದಿಗಳ ವಿಷಯದಲ್ಲಿ. ಊರಿಗೆ ವಾಪಸ್ ಹೋಗಲು ಒಲ್ಲದ ಚೀನೀ, ಕೊರಿಯನ್ ಕೈದಿಗಳು ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚಿದ್ದರು. ಎಲ್ಲರನ್ನೂ ಕಳಿಸಲೇಬೇಕು ಎಂದು ಕಮ್ಯುನಿಸ್ಟ್ ಬಣ, ಬಲವಂತ ಕೂಡದು ಎಂದು ಅಮೆರಿಕದ ಬಣ. ಕೊನೆಗೆ ವಿಶ್ವಸಂಸ್ಥೆಯಲ್ಲಿ ನಮ್ಮ ಪ್ರತಿನಿಧಿ ಕೃಷ್ಣ ಮೆನನ್ ಮುಂದಿಟ್ಟ ಸೂತ್ರದ ಜಾಡಿನಲ್ಲಿ ಐದು ದೇಶಗಳ ತಟಸ್ಥ ಆಯೋಗವಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್ ಅಮೆರಿಕದ ಬಣಕ್ಕೆ ಹತ್ತಿರ. ಪೋಲೆಂಡ್, ಚೆಕೊಸ್ಲೊವಾಕಿಯಾ ಕಮ್ಯುನಿಸ್ಟ್ ಬಣಕ್ಕೆ. ನಡುವೆ ಅಧ್ಯಕ್ಷರಾಗಿ ನಮ್ಮ ತಿಮ್ಮಯ್ಯನವರು. ಕೈದಿಗಳನ್ನು ಕಾಯಲು ಜನರಲ್ ಥೋರಟ್ ಅವರ ಕೈಕೆಳಗೆ ಸುಮಾರು ಆರು ಸಾವಿರ ಭಾರತೀಯ ಸೈನಿಕರು.

ಹೋದವರಿಗೆ ಎಂಥ ಸ್ವಾಗತ ಗೊತ್ತೇ? ಭಾರತೀಯರು ನಮ್ಮ ನೆಲದ ಮೇಲೆ ಕಾಲಿಡಬಾರದು ಎಂದು ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದ. ನಾವು ಕಮ್ಯುನಿಸ್ಟರ ಪರ ಎಂಬುದು ಅವನ ಆಪಾದನೆ. ಹಾಗಾಗಿ ಇಂಚಾನ್ ಬಳಿ ಹಡಗಿನಿಂದ ನಮ್ಮವರನ್ನು ಅಮೆರಿಕದ ಹೆಲಿಕಾಪ್ಟರುಗಳಲ್ಲಿ ತಂಡ ತಂಡವಾಗಿ ಎತ್ತಿಕೊಂಡು ಹೋಗಿ ಉತ್ತರ-ದಕ್ಷಿಣಗಳ ನಡುವಿನ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಅಲ್ಲಿ ಹಾಕಿದ ಬಿಡಾರಕ್ಕೆ ಹಿಂದ್ ನಗರ ಎಂದು ಹೆಸರಿಟ್ಟರು. ವಿಚಾರಣೆ ನಡೆಯುತ್ತಿದ್ದದ್ದು ಡೇರೆಗಳಲ್ಲಿ. ಕೈದಿಯನ್ನು ಒಳಗೆ ತಂದು ಕೂರಿಸುತ್ತಿದ್ದರು. ಎದುರಿಗೆ ಅವನ ದೇಶದ ಅಧಿಕಾರಿಗಳು, ಪಕ್ಕದಲ್ಲಿ ಆಯೋಗದವರು. "ಊರಿಗೆ ಬಾ, ಏನೂ ಮಾಡುವುದಿಲ್ಲ" ಎಂದು ಆ ಅಧಿಕಾರಿಗಳು ಒಲಿಸುವುದು. ಹೊರಗೆ ಹೋಗಲು ಎರಡು ಬಾಗಿಲು. ಒಂದರಿಂದ ಹೋದರೆ ತಾಯ್ನಾಡು, ಇನ್ನೊಂದರಿಂದ ಹೋದರೆ ವಾಪಸ್ ಶಿಬಿರ. ಕೆಲವರು ಕಿರುಚುತ್ತಿದ್ದರು, ಕೆಲವರು ಕುರ್ಚಿ ಎತ್ತಿ ಎಸೆಯುತ್ತಿದ್ದರು. ಶಿಬಿರಗಳೊಳಗೆ ಎರಡೂ ಬಣಗಳ ಪುಂಡರು ಉಳಿದವರನ್ನು ಹೆದರಿಸಿ ಹಿಡಿತದಲ್ಲಿ ಇಟ್ಟುಕೊಂಡಿದ್ದರು. ವಿಚಾರಣೆಗೆ ಬರಲು ಒಪ್ಪದವರನ್ನು ಎಳೆದು ತನ್ನಿ ಎಂದು ಕಮ್ಯುನಿಸ್ಟ್ ಕಡೆಯವರ ಒತ್ತಾಯ. ತಿಮ್ಮಯ್ಯನವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ, ಅದರಿಂದ ಆ ಕಡೆಯವರ ಬೈಗುಳ. ಮುಗಿಯುವವರೆಗೂ ಈ ಕಡೆಯಿಂದ ರೀಯ ಬೆದರಿಕೆ. ಅಷ್ಟರ ನಡುವೆ ಅವರು ಕೆಲಸ ಮುಗಿಸಿ 1954ರ ಆರಂಭದಲ್ಲಿ ಹೊರಟರು. ಯಾವ ಕೊರಿಯಾವೂ ಬೇಡ, ಯಾವ ಚೀನಾವೂ ಬೇಡ ಎಂದ 88 ಮಂದಿ ಕೈದಿಗಳು ನಮ್ಮವರ ಜೊತೆಯೇ ಹಡಗು ಹತ್ತಿ ಮದ್ರಾಸಿಗೆ ಬಂದರು. ಅವರಲ್ಲಿ ಹೆಚ್ಚಿನವರು ಆಮೇಲೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಇಲ್ಲೇ ಬದುಕು ಕಟ್ಟಿಕೊಂಡರು.

ಹೆದರಿದವರು ಮಾಡುವ ಕೆಲಸವೇ ಇದು, ಹೇಳು? ಎರಡೂ ಕಡೆಯ ದ್ವೇಷವನ್ನು ಕಟ್ಟಿಕೊಂಡು, ಬೇರೆಯವರು ಮಾಡಿದ ಜಗಳದ ನಡುವೆ ನಿಂತು, ಕೈದಿಯ ಇಚ್ಛೆ ಏನೆಂದು ಕೇಳಿದರಲ್ಲ! ಅವರು ಕೊನೆಯುಸಿರೆಳೆದದ್ದೂ ಇಂಥದ್ದೇ ಕೆಲಸದಲ್ಲಿ, 1965ರಲ್ಲಿ ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದಾಗ.

ಆದರೆ ನಮ್ಮ ದೇಶದ ನೀತಿ ಯಾವಾಗಲೂ ಇಷ್ಟೇ ನೇರವಾಗಿತ್ತು ಅಂತ ನಿನಗೆ ಹೇಳಿದರೆ ಅದು ಸುಳ್ಳಾಗುತ್ತದೆ. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ನಡೆಸಿದ ದಾಳಿಯನ್ನು ಗಟ್ಟಿ ದನಿಯಲ್ಲಿ ಖಂಡಿಸಿದ ನಾವು, ಅದೇ ದಿನಗಳಲ್ಲಿ ಹಂಗೇರಿಗೆ ನುಗ್ಗಿದ ಸೋವಿಯತ್ ಟ್ಯಾಂಕುಗಳ ವಿಷಯದಲ್ಲಿ ತಡವರಿಸಿದೆವು. ಅದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪಾಕಿಸ್ತಾನ 1954, 55ರಲ್ಲಿ ಅಮೆರಿಕದ ಸೇನಾ ಕೂಟಗಳಿಗೆ ಸೇರಿತು. ನಾವು ಆಗಸ್ಟ್ 1971ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡೆವು. ಪೂರ್ವ ಬಂಗಾಳದಿಂದ ನಿರಾಶ್ರಿತರು ಹರಿದು ಬರುತ್ತಿದ್ದ, ಅಮೆರಿಕ ಮತ್ತು ಚೀನಾ ಹತ್ತಿರವಾಗುತ್ತಿದ್ದ ಆ ಹೊತ್ತಿನಲ್ಲಿ ನಮಗೂ ಒಂದು ಆಸರೆ ಬೇಕಾಯಿತು.

ಅದಕ್ಕೇ ಹೇಳುತ್ತೇನೆ, ನಿನ್ನ ಕೊರಿಯನ್ ಗೆಳತಿಯರನ್ನು ಅಮೆರಿಕದ ಬಾಲ ಎಂದು ಹಗುರವಾಗಿ ಆಡಬೇಡ. 27 ಜುಲೈ 1953ರಂದು ಆದದ್ದು ಕದನವಿರಾಮ ಮಾತ್ರ. ಶಾಂತಿ ಒಪ್ಪಂದ ಇವತ್ತಿಗೂ ಆಗಿಲ್ಲ. ನಾಲ್ಕು ಕಿಲೋಮೀಟರ್ ಅಗಲದ ಆ ಸೇನಾರಹಿತ ವಲಯ ನಿನ್ನ ರೂಮಿನಿಂದ ಬಹಳ ದೂರವೂ ಇಲ್ಲ. ಅಂಥ ಕಡೆ ಹುಟ್ಟಿ ಬೆಳೆದವರು ಆಸರೆ ಹುಡುಕಿದರೆ ಆಡಿಕೊಳ್ಳಲು ನಾವು ಯಾರು? ಆ ಆಸರೆಗೆ ಅವರು ತೆತ್ತ ಬೆಲೆಯನ್ನೂ ತಿಳಿದುಕೋ. ವಿಯೆಟ್ನಾಂ ಯುದ್ಧಕ್ಕೆ ದಕ್ಷಿಣ ಕೊರಿಯಾ ಮೂರು ಲಕ್ಷಕ್ಕೂ ಹೆಚ್ಚು ಹುಡುಗರನ್ನು ಕಳಿಸಿತು. ಸುಮಾರು ಐದು ಸಾವಿರ ಮಂದಿ ಜೀವಂತ ಬರಲಿಲ್ಲ. ಕಮ್ಯುನಿಸ್ಟರ ಭಯ ತೋರಿಸಿಯೇ ಸೇನಾಡಳಿತ ದಶಕಗಟ್ಟಲೆ ನಡೆಯಿತು, 1980ರಲ್ಲಿ ಗ್ವಾಂಗ್ಜುವಿನಲ್ಲಿ ತನ್ನದೇ ಜನರ ಮೇಲೆ ಗುಂಡು ಹಾರಿತು. ಹಾಗೆಯೇ ಉತ್ತರದ ಆಡಳಿತದ ಕ್ರೌರ್ಯವನ್ನು ಬೈಯುವಾಗ ಅಲ್ಲಿಯ ಜನರನ್ನು ಅದರಲ್ಲಿ ಸೇರಿಸಬೇಡ. ದಕ್ಷಿಣದಲ್ಲಿರುವ ಎಷ್ಟೋ ಮುದುಕರ ಅಣ್ಣತಮ್ಮಂದಿರು ಅವರು.

1983ರಲ್ಲಿ ಅಲ್ಲಿಯ ಕೆಬಿಎಸ್ ಟಿವಿ ಯುದ್ಧದಲ್ಲಿ ಚದುರಿಹೋದ ಕುಟುಂಬಗಳನ್ನು ಹುಡುಕಿಕೊಡಲು ನೇರ ಪ್ರಸಾರ ಶುರುಮಾಡಿ 138 ದಿನ ನಡೆಸಿತು. ಒಂದೇ ದಕ್ಷಿಣದೊಳಗೆ, ಒಬ್ಬರು ಬದುಕಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಮೂವತ್ತು ವರ್ಷ ಕಳೆದ ಅಕ್ಕತಂಗಿಯರು, ತಾಯಿಮಕ್ಕಳು. ಹತ್ತು ಸಾವಿರಕ್ಕೂ ಹೆಚ್ಚು ಪುನರ್ಮಿಲನಗಳಾದವು. ಆ ದೃಶ್ಯಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಭಾಷೆ ಬಾರದಿದ್ದರೂ ನೋಡು. ಬಣ ರಾಜಕೀಯದ ಬಗ್ಗೆ ಯಾರಾದರೂ ಜೋರಾಗಿ ಮಾತಾಡಿದಾಗ ನನಗೆ ಮೊದಲು ನೆನಪಾಗುವುದು ಆ ಮುಖಗಳು.

ಅಲ್ಲಿಯ ಸುಗ್ಗಿ ಹಬ್ಬ ಚುಸೊಕ್‌ನ ರಜೆ ಬಂದಾಗ ಎಲ್ಲರೂ ಹೋಗುವ ಗಡಿ ಪ್ರವಾಸಕ್ಕೇ ಹೋಗಬೇಕೆಂದಿಲ್ಲ. ಸೊಕ್ಚೊಗೆ ಹೋಗು. ಯುದ್ಧಕ್ಕೆ ಮುಂಚೆ ಅದು ಗೆರೆಯ ಉತ್ತರಕ್ಕಿತ್ತು, ಈಗ ದಕ್ಷಿಣದಲ್ಲಿದೆ. ಅಲ್ಲಿ ಅಬಾಯ್ ಎಂಬ ಹಳ್ಳಿಯಿದೆ. ಹಮ್‌ಗ್ಯೊಂಗ್ ಎಂಬ ಉತ್ತರದ ಪ್ರಾಂತದಿಂದ ಓಡಿಬಂದವರು, ಇನ್ನೇನು ವಾಪಸ್ ಹೋಗುತ್ತೇವೆ ಎಂದುಕೊಂಡು ಕಡಲದಂಡೆಯ ಮರಳಿನ ಮೇಲೆ ಗುಡಿಸಲು ಹಾಕಿ ಉಳಿದ ಜಾಗ. ಹಗ್ಗ ಎಳೆದು ದಾಟಿಸುವ ದೋಣಿಯಲ್ಲಿ ಹೋಗಬಹುದು. ಅಲ್ಲಿ ವಯಸ್ಸಾದವರು ಸಿಕ್ಕರೆ ರಾಜಕೀಯ ಕೇಳಬೇಡ, ಅವರ ಊರು ಹೇಗಿತ್ತು ಎಂದು ಕೇಳು. ಅವರು ಹೇಳಿದ್ದನ್ನು ನನಗೆ ಬರೆದು ಕಳಿಸು. ಫೋನಿನಲ್ಲಿ ಬೇಡ, ಕಾಗದದಲ್ಲೇ ಬರಿ.

ದೊಡ್ಡಮ್ಮ ಕಾಫಿಪುಡಿ ಪಾರ್ಸೆಲ್ ಮಾಡಿದ್ದಾಳೆ. ಸಿಕ್ಕಿದ ಕೂಡಲೇ ತಿಳಿಸು.

ಇಂತಿ ನಿನ್ನ,
ದೊಡ್ಡಪ್ಪ