ದುಬಾರಿ ಬ್ಯಾಟ್ ಆಮೇಲೆ, ಮೊದಲು ಚೆಂಡು, ಬಲೆ, ಹೆಲ್ಮೆಟ್ ಕೊಡಿಸಿ

ಮಾನ್ಯ ಸಂಪಾದಕರೇ,

ಶಾಲಾ ಕ್ರೀಡಾಕೂಟಗಳ ಸಮಯ ಬಂತು ಅಂದರೆ ಸಾಮಗ್ರಿ ಖರೀದಿಯ ಗಡಿಬಿಡಿಯೂ ಶುರುವಾಗುತ್ತದೆ. ಕಬಡ್ಡಿ, ಖೊಖೊ, ಥ್ರೋಬಾಲ್‌ಗೆ ಏನು ಬೇಕು ಅಂತ ಎಲ್ಲರಿಗೂ ಗೊತ್ತು. ಬೇಸ್‌ಬಾಲ್ ಹಾಗೇ ಇರುವ, ಆದರೆ ಚೆಂಡನ್ನು ಕೆಳಗೈಯಲ್ಲಿ ಎಸೆಯುವ ಸಾಫ್ಟ್‌ಬಾಲ್ ವಿಷಯಕ್ಕೆ ಬಂದಾಗ ಮಾತ್ರ ಅಂಗಡಿಯವರು ಹೇಳಿದ್ದೇ ವೇದವಾಕ್ಯ. ನಾನು ಹೈಸ್ಕೂಲ್ ಹುಡುಗಿಯರಿಗೆ ಈ ಆಟ ಹೇಳಿಕೊಡುವ ದೈಹಿಕ ಶಿಕ್ಷಣ ಶಿಕ್ಷಕಿ. ಬಿಲ್ಲಿಗೆ ಸಹಿ ಹಾಕುವ ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು, ಮಗಳು ಕೇಳಿದಳು ಅಂತ ಮೊಬೈಲಿನಲ್ಲಿ ಫೋಟೊ ನೋಡಿ ಬ್ಯಾಟ್ ತರಿಸುವ ಅಪ್ಪ-ಅಮ್ಮಂದಿರು ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗಾಗಿಯೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಆದಷ್ಟು ಪೂರ್ತಿ ಹಾಕಿ.

ಮೊದಲು ಈ 'ಕಿಟ್' ಅನ್ನುವ ಪದ್ಧತಿ. ನನಗೆ ಗೊತ್ತಿರುವ ಒಂದು ಶಾಲೆಗೆ ಹೋದ ವರ್ಷ ಸಾಫ್ಟ್‌ಬಾಲ್ ಕಿಟ್ ಅಂತ ದೊಡ್ಡ ಚೀಲ ಬಂತು. ಒಳಗೆ 34 ಇಂಚಿನ ಎರಡು ಬ್ಯಾಟ್, ಒಂದಷ್ಟು ಬೇಸ್‌ಬಾಲ್ ಚೆಂಡು, ಎರಡು ಗ್ಲೌಸ್. ಹೆಲ್ಮೆಟ್ ಇಲ್ಲವೇ ಇಲ್ಲ. ಆಡಬೇಕಾದವರು ಎಂಟು, ಒಂಬತ್ತನೇ ತರಗತಿಯ ಮಕ್ಕಳು! 34 ಇಂಚು ಅನ್ನುವುದು ಈ ಆಟದ ನಿಯಮದಲ್ಲಿ ಬ್ಯಾಟಿಗೆ ಇರುವ ಗರಿಷ್ಠ ಉದ್ದ, ಎತ್ತರದ ಗಟ್ಟಿಮುಟ್ಟಾದ ದೊಡ್ಡವರು ಹಿಡಿಯುವಂಥದ್ದು. ಇನ್ನು ಚೆಂಡು. ಬೇಸ್‌ಬಾಲ್ ಚೆಂಡಿನ ಸುತ್ತಳತೆ ಸುಮಾರು 9 ಇಂಚು, ತೂಕ 142ರಿಂದ 149 ಗ್ರಾಂ. ಸಾಫ್ಟ್‌ಬಾಲ್ ಚೆಂಡು 12 ಇಂಚು, 178ರಿಂದ 198 ಗ್ರಾಂ. ಕ್ರಿಕೆಟ್ ಚೆಂಡಿಗಿಂತಲೂ ಜಾಸ್ತಿ ತೂಕ. ಬ್ಯಾಟೂ ಬೇರೆ. ಸಾಫ್ಟ್‌ಬಾಲ್ ಬ್ಯಾಟಿನ ದಪ್ಪ 2.25 ಇಂಚು ಮೀರುವಂತಿಲ್ಲ, ಬೇಸ್‌ಬಾಲ್ ಬ್ಯಾಟ್ ಅದಕ್ಕಿಂತ ದಪ್ಪ ಇರಬಹುದು. ಅಂಥದ್ದರಲ್ಲಿ ವರ್ಷವಿಡೀ ಅಭ್ಯಾಸ ಮಾಡಿದ ಹುಡುಗಿ ಪಂದ್ಯದ ದಿನ ಅದನ್ನು ಹಿಡಿದು ಹೋದರೆ ಅಂಪೈರ್ ಒಳಗೇ ಬಿಡುವುದಿಲ್ಲ.

ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಬೇಸ್‌ಬಾಲ್ ಬ್ಯಾಟುಗಳ ಬಗ್ಗೆ ಒಂದು ಮಾತು. ಅದರ ಕೆಳಗೆ ಜನ ಬರೆದಿರುವುದನ್ನು ಓದಿ ನೋಡಿ. ಎಷ್ಟೋ ಮಂದಿ ಅದನ್ನು ಕೊಂಡಿರುವುದು ಕಾರಿನ ಸೀಟಿನ ಕೆಳಗೆ ಇಟ್ಟುಕೊಳ್ಳಲು, ಆಡಲು ಅಲ್ಲ. ಭಾರದ ಮರ ಅಥವಾ ಉಕ್ಕಿನ ಕೊಳವೆ ಅದು. ಮಕ್ಕಳ ಕೈಗೆ ಖಂಡಿತ ಬೇಡ.

ಸರಿ, ಯಾವ ಬ್ಯಾಟ್ ಬೇಕು? ಶಾಲೆಗೆ ಅಲ್ಯೂಮಿನಿಯಂ ಸಾಕು. ಕಾಂಪೋಸಿಟ್ ಅಂತ ಬರುತ್ತದಲ್ಲ, ಕಾರ್ಬನ್ ನಾರಿನದ್ದು, ಅದು ಚೆನ್ನಾಗಿಯೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಲೆ ಜಾಸ್ತಿ, ಶುರುವಿನಲ್ಲಿ ನೂರಾರು ಹೊಡೆತ ಹೊಡೆದು ಪಳಗಿಸಬೇಕು, ಚೆಂಡು ಎಸೆಯುವ ಮಷಿನ್‌ನಲ್ಲಿ ಬಳಸುವ ಗುಳಿಗುಳಿ ಇರುವ ಗಟ್ಟಿ ಚೆಂಡು ಹೊಡೆದರೆ ಬಿರುಕು ಬಿಡಬಹುದು. ಹತ್ತು ಕೈ ಬದಲಾಗುವ ಶಾಲೆಯ ಬ್ಯಾಟಿಗೆ ಈ ಉಪಚಾರ ಮಾಡುವವರು ಯಾರು? ಅಲ್ಯೂಮಿನಿಯಂ ಬ್ಯಾಟ್ ತಂದ ದಿನದಿಂದಲೇ ಆಡಬಹುದು. ವಾರಕ್ಕೊಮ್ಮೆ ಅಲುಗಾಡಿಸಿ ನೋಡಿ. ತುದಿಯ ಮುಚ್ಚಳ ಸಡಿಲ ಆಗಿದ್ದರೆ, ಒಳಗೆ ಏನೋ ಗಲಗಲ ಅಂದರೆ, ತಗ್ಗು ಬಿದ್ದಿದ್ದರೆ ಪಕ್ಕಕ್ಕಿಡಿ. ಹಿಡಿಯ ಮೇಲಿನ ಪಟ್ಟಿ ಸವೆದು ಜಾರುತ್ತಿದ್ದರೂ ಅಷ್ಟೇ, ಹೊಸದು ಸುತ್ತುವ ತನಕ ಯಾರ ಕೈಗೂ ಕೊಡಬೇಡಿ. ಬೀಸುವಾಗ ಕೈಯಿಂದ ಹಾರಿದ ಬ್ಯಾಟ್ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು.

ಅಳತೆ ನೋಡುವುದು ಕಷ್ಟವಲ್ಲ. ಹುಡುಗಿ ನೇರ ನಿಂತು ಕೈ ಇಳಿಬಿಡಲಿ. ಬ್ಯಾಟನ್ನು ಕಾಲಿನ ಪಕ್ಕ ನೆಲಕ್ಕೆ ಊರಿದಾಗ ಹಿಡಿಯ ತುದಿ ಅಂಗೈಗೆ ಮುಟ್ಟಬೇಕು. ಆಮೇಲೆ ಬ್ಯಾಟಿನ ಹಿಡಿಯನ್ನು ಒಂದೇ ಕೈಯಲ್ಲಿ ಹಿಡಿದು ತೋಳನ್ನು ಪಕ್ಕಕ್ಕೆ ನೇರ ಚಾಚಲಿ. ಇಪ್ಪತ್ತು ಎಣಿಸುವ ಮೊದಲೇ ಕೈ ನಡುಗಿ ಕೆಳಗಿಳಿದರೆ ಆ ಬ್ಯಾಟ್ ಅವಳಿಗೆ ಭಾರ. ಹತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ 28ರಿಂದ 31 ಇಂಚಿನೊಳಗೆ ಹೊಂದುತ್ತದೆ. ಬ್ಯಾಟಿನ ಮೇಲೆ ಮೈನಸ್ 10, ಮೈನಸ್ 12 ಅಂತೆಲ್ಲ ಬರೆದಿರುತ್ತದೆ. ಉದ್ದದ ಇಂಚಿನಿಂದ ಅಷ್ಟು ಕಳೆದರೆ ಬರುವುದು ಔನ್ಸ್ ಲೆಕ್ಕದ ತೂಕ. 30 ಇಂಚಿನ ಮೈನಸ್ 10 ಬ್ಯಾಟ್ 20 ಔನ್ಸ್, ಅಂದರೆ ಸುಮಾರು 567 ಗ್ರಾಂ. ಕ್ರಿಕೆಟ್ ಬ್ಯಾಟ್ ಹಿಡಿದು ಅಭ್ಯಾಸ ಇರುವ ಮನೆಯವರು 'ಇಷ್ಟು ಹಗುರದ್ದಾ?' ಅಂತ ಮೂಗು ಮುರಿಯುತ್ತಾರೆ. ಈ ಆಟದಲ್ಲಿ ಬ್ಯಾಟ್ ಭುಜದ ಹಿಂದಿನಿಂದ ಅಡ್ಡಕ್ಕೆ ಸುತ್ತಿ ಬರಬೇಕು, ಭಾರ ಜಾಸ್ತಿಯಾದರೆ ಅದು ತಡವಾಗಿಯೇ ಬರುತ್ತದೆ.

ಎಷ್ಟು ತಡ ಆದರೆ ತಡ? 40 ಅಡಿ ದೂರದಿಂದ ಗಂಟೆಗೆ 72 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಸುಮಾರು 0.6 ಸೆಕೆಂಡಿನಲ್ಲಿ ಮುಂದೆ ಬಂದು ನಿಂತಿರುತ್ತದೆ. ಇದು ಮಕ್ಕಳ ಲೆಕ್ಕ. ದೊಡ್ಡ ಹೆಂಗಸರ ಆಟದಲ್ಲಿ ದೂರ 43 ಅಡಿ, ವೇಗ ಗಂಟೆಗೆ 100 ಕಿ.ಮೀ. ದಾಟುವವರೂ ಇದ್ದಾರೆ.

ಈಗ ದುಡ್ಡಿನ ಮಾತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆ ಒಂದು ಶಾಲೆಗೆ ವರ್ಷಕ್ಕೆ ಕಿರಿಯ ಪ್ರಾಥಮಿಕವಾದರೆ 5,000, ಹಿರಿಯ ಪ್ರಾಥಮಿಕವಾದರೆ 10,000, ಪ್ರೌಢಶಾಲೆಯಾದರೆ 25,000 ರೂಪಾಯಿವರೆಗೆ ಅವಕಾಶ ಇದೆ. ಎಲ್ಲ ಆಟಗಳಿಗೂ ಸೇರಿ ಅಷ್ಟೇ. ವಾಲಿಬಾಲ್ ನೆಟ್, ಷಟಲ್, ಸ್ಕಿಪ್ಪಿಂಗ್ ಹಗ್ಗ ಎಲ್ಲ ಕಳೆದು ಸಾಫ್ಟ್‌ಬಾಲ್‌ಗೆ ಉಳಿಯುವುದು ಎಷ್ಟು ಅಂತ ಯಾವ ಪಿಟಿ ಮೇಷ್ಟ್ರನ್ನಾದರೂ ಕೇಳಿ. ಅಷ್ಟರಲ್ಲಿ ಒಂದು ಹೊಳೆಯುವ ಬ್ಯಾಟ್ ತಂದರೆ ಏನಾಗುತ್ತದೆ ಗೊತ್ತಾ? ಒಬ್ಬಳು ಹೊಡೆಯುತ್ತಾಳೆ, ಉಳಿದವರೆಲ್ಲ ಬಿಸಿಲಲ್ಲಿ ನಿಂತು ಚೆಂಡು ಹೆಕ್ಕುತ್ತಾರೆ. ಸಂಜೆ ಗಂಟೆ ಬಾರಿಸುವ ಹೊತ್ತಿಗೆ ಕೆಲವರ ಸರದಿಯೇ ಬಂದಿರುವುದಿಲ್ಲ. ಒಂದು ಮಗುವಿಗೆ ಒಂದು ಸಂಜೆಯಲ್ಲಿ ಎಷ್ಟು ಹೊಡೆತ ಸಿಕ್ಕಿತು? ನನ್ನ ಪ್ರಕಾರ ಕೊಳ್ಳುವ ಪ್ರತಿ ವಸ್ತುವನ್ನೂ ಈ ಪ್ರಶ್ನೆ ಇಟ್ಟುಕೊಂಡೇ ತೂಗಬೇಕು.

ಹಾಗೆ ತೂಗಿದರೆ ಮೊದಲ ಜಾಗ ಬ್ಯಾಟಿಂಗ್ ಟೀಗೆ. ಚೆಂಡನ್ನು ಮೇಲಿಟ್ಟು ಹೊಡೆಯುವ ಕಂಬ ಇದು. ಚಿಕ್ಕ ಮಕ್ಕಳ ಆಟಿಕೆ ಅಂತ ಕೆಲವರು ನಗುತ್ತಾರೆ. ಸಂಗೀತ ಕಲಿಯುವವರಿಗೆ ಸರಳೆ ವರಸೆ ಹೇಗೋ ಬ್ಯಾಟಿಂಗ್‌ಗೆ ಟೀ ಹಾಗೆ, ದೊಡ್ಡ ಆಟಗಾರ್ತಿಯರೂ ಬಿಡುವುದಿಲ್ಲ. ಕೊಳ್ಳುವುದಾದರೆ ಎತ್ತರ ಏರಿಸಿ ಇಳಿಸಲು ಬರುವಂಥದ್ದೇ ಕೊಳ್ಳಿ. ಸ್ಟ್ರೈಕ್ ವಲಯ, ಅಂದರೆ ಹೊಡೆಯದೆ ಬಿಟ್ಟರೆ ಬ್ಯಾಟ್ ಮಾಡುವವಳ ತಪ್ಪಾಗಿ ಲೆಕ್ಕಕ್ಕೆ ಬರುವ ಚೆಂಡಿನ ಎತ್ತರ, ಮೊಣಕಾಲಿನಿಂದ ಕಂಕುಳಿನವರೆಗೆ ಇದೆ, ಹೊಕ್ಕುಳ ಎತ್ತರದ ಚೆಂಡನ್ನು ಮಾತ್ರ ಹೊಡೆದು ಕಲಿತವಳು ಪಂದ್ಯದಲ್ಲಿ ತಗ್ಗಿನ ಚೆಂಡು ಬಂದಾಗ ಸುಮ್ನೆ ನೋಡುತ್ತಾ ನಿಲ್ಲುತ್ತಾಳೆ.

ಕೊಳ್ಳಲೇಬೇಕು ಅಂತಲೂ ಇಲ್ಲ. ಹಳೆಯ ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ ಒಂದು ಪಿವಿಸಿ ಪೈಪ್ ನಿಲ್ಲಿಸಿ. ಅದರೊಳಗೆ ಜಾರುವ ಸಣ್ಣ ಪೈಪ್ ಹಾಕಿ, ಎತ್ತರ ನಿಲ್ಲಿಸಲು ತೂತು ಕೊರೆದು ಬೋಲ್ಟ್ ಕೊಡಿ. ತುದಿಗೆ ಗ್ಯಾರೇಜಿನಲ್ಲಿ ಬಿಸಾಡುವ ಕಾರಿನ ರೇಡಿಯೇಟರ್ ಹೋಸ್ ತುಂಡು ಸಿಕ್ಕಿಸಿ. ಈ ರಬ್ಬರ್ ಮಾತ್ರ ಮರೆಯಬೇಡಿ. ಬರೀ ಪೈಪಿನ ಮೇಲೆ ಚೆಂಡಿಟ್ಟರೆ ತಪ್ಪಿದ ಹೊಡೆತಕ್ಕೆ ಪೈಪೂ ಒಡೆಯುತ್ತದೆ, ಕೈಯೂ ಜುಮ್ ಅನ್ನುತ್ತದೆ. ಒಂದು ಒಳ್ಳೆಯ ಬ್ಯಾಟಿನ ಬೆಲೆಯಲ್ಲಿ ಇಂಥವು ಮೂರು ನಾಲ್ಕು ಆಗುತ್ತವೆ. ಟೀಯನ್ನು ಎಲ್ಲಿ ಇಡಬೇಕು ಅನ್ನುವುದೂ ಮುಖ್ಯ. ಹೊಟ್ಟೆಯ ಎದುರಿಗೆ ಬೇಡ, ಮುಂದಿನ ಪಾದದ ನೇರಕ್ಕೆ ಇಡಿ. ಮೈಗೆ ಹತ್ತಿರ ಬರುವ ಚೆಂಡಿನ ಅಭ್ಯಾಸಕ್ಕೆ ಇನ್ನೂ ಮುಂದಕ್ಕೆ, ದೂರದ ಚೆಂಡಿಗೆ ಸ್ವಲ್ಪ ಹಿಂದಕ್ಕೆ.

ಟೀ ಇದ್ದರೆ ಬಲೆ ಬೇಕೇ ಬೇಕು, ಇಲ್ಲದಿದ್ದರೆ ಮತ್ತೆ ಚೆಂಡು ಹೆಕ್ಕುವ ಕೆಲಸವೇ. ಏಳಡಿ ಉದ್ದ ಏಳಡಿ ಅಗಲದ ರೆಡಿಮೇಡ್ ಬಲೆಗಳು ಸಿಗುತ್ತವೆ. ಕರಾವಳಿಯ ಶಾಲೆಗಳಿಗೆ ಇನ್ನೂ ಸುಲಭ, ಮಲ್ಪೆ ಮಂಗಳೂರು ಕಡೆ ಮೀನುಗಾರರು ಬಿಟ್ಟ ಹಳೆಯ ನೈಲಾನ್ ಬಲೆ ಕೇಳಿ ತಂದು ಎರಡು ಮಡಿಕೆ ಮಾಡಿ ಕಬ್ಬಿಣದ ಪೈಪಿಗೆ ಕಟ್ಟಿದರೆ ಆಯಿತು. ಬಿಗಿಯಾಗಿ ಎಳೆದು ಕಟ್ಟಬೇಡಿ, ಚೆಂಡು ಪುಟಿದು ಹೊಡೆದವಳ ಮುಖಕ್ಕೇ ಬರುತ್ತದೆ. ಸಡಿಲವಾಗಿ ಜೋತುಬಿಡಿ.

ಚೆಂಡಿನ ವಿಷಯದಲ್ಲಿ ಜಿಪುಣತನ ಬೇಡ. ಎಲ್ಲವೂ ಪಂದ್ಯದ ಚೆಂಡೇ ಆಗಬೇಕಿಲ್ಲ. ಟೆನಿಸ್ ಚೆಂಡು ನಡೆಯುತ್ತದೆ, ತೂತಿರುವ ಪ್ಲಾಸ್ಟಿಕ್ ಚೆಂಡು ಇನ್ನೂ ಒಳ್ಳೆಯದು. ಅದು ದೂರ ಹೋಗುವುದಿಲ್ಲ, ಕಿಟಕಿ ಒಡೆಯುವುದಿಲ್ಲ, ಪಕ್ಕದಲ್ಲಿ ಕೂತು ಎಸೆದುಕೊಡುವ ಗೆಳತಿಗೆ ತಗುಲಿದರೂ ಅಷ್ಟೇನೂ ಆಗುವುದಿಲ್ಲ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಹಳೆಯ ಷಟಲ್‌ಕಾಕ್. ಜಪಾನಿನ ಬೇಸ್‌ಬಾಲ್, ಸಾಫ್ಟ್‌ಬಾಲ್ ತಂಡಗಳಲ್ಲಿ ಷಟಲ್ ಹೊಡೆದು ಅಭ್ಯಾಸ ಮಾಡುವುದು ಮಾಮೂಲು. 2008ರ ಬೀಜಿಂಗ್‌ನಲ್ಲೂ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದವರು ಅವರು. ಷಟಲ್ ಹೊಡೆದೇ ಗೆದ್ದರು ಅಂತ ನಾನು ಹೇಳುತ್ತಿಲ್ಲ, ಆದರೆ ಅಷ್ಟು ಅನುಕೂಲ ಇರುವ ದೇಶದಲ್ಲೂ ಆ ಪುಕ್ಕದ ಚೆಂಡನ್ನು ಬಿಟ್ಟಿಲ್ಲ ಅನ್ನುವುದನ್ನು ಗಮನಿಸಿ. ಷಟಲ್ ಮೊದಲು ವೇಗವಾಗಿ ಬಂದು ಆಮೇಲೆ ನಿಧಾನವಾಗುತ್ತದೆ, ಆತುರಪಟ್ಟು ಮೊದಲೇ ಬೀಸಿದವಳಿಗೆ ಸಿಗುವುದಿಲ್ಲ. ನಮ್ಮ ರಾಜ್ಯದಲ್ಲಿ ಬ್ಯಾಡ್ಮಿಂಟನ್ ಕೋರ್ಟ್‌ಗಳಿಗೆ ಬರವೇ? ದಿನವೂ ಡಬ್ಬಗಟ್ಟಲೆ ಮುರಿದ ಷಟಲ್ ಬಿಸಾಡುತ್ತಾರೆ. ಕೇಳಿದರೆ ಸಂತೋಷದಿಂದ ಕೊಡುತ್ತಾರೆ.

ಚೆಂಡು ಎಸೆಯುವ ಮಷಿನ್ ಬಗ್ಗೆ ಪೋಷಕರು ಆಗಾಗ ಕೇಳುತ್ತಾರೆ. ಯಾರೋ ದಾನಿಗಳು ಕೊಡಿಸುತ್ತೇವೆ ಅಂತಲೂ ಮುಂದೆ ಬರುತ್ತಾರೆ. ದಯವಿಟ್ಟು ಬೇಡ, ಆ ದುಡ್ಡನ್ನು ಬೇರೆಯದಕ್ಕೆ ಕೊಡಿ. ನಮ್ಮ ಎಷ್ಟೋ ಶಾಲಾ ಮೈದಾನಗಳಿಗೆ ಕರೆಂಟ್ ಇಲ್ಲ. ಅದು ಬಿಡಿ, ಸಾಫ್ಟ್‌ಬಾಲ್‌ನಲ್ಲಿ ಚೆಂಡು ಬರುವುದು ಸೊಂಟದ ಹತ್ತಿರದಿಂದ, ತೋಳು ಗಾಳಿಪಂಖದ ಹಾಗೆ ಒಂದು ಸುತ್ತು ಸುತ್ತಿದ ಮೇಲೆ. ಬ್ಯಾಟ್ ಮಾಡುವವಳು ಬೀಸುವ ಸಮಯ ಹೊಂದಿಸಿಕೊಳ್ಳುವುದೇ ಆ ತೋಳನ್ನು ನೋಡಿ. ಮಷಿನ್‌ಗೆ ತೋಳೆಲ್ಲಿದೆ? ಟಪ್ ಅಂತ ಚೆಂಡು ಬರುತ್ತದೆ ಅಷ್ಟೇ. ರಾಜ್ಯ ತಂಡದ ಶಿಬಿರಕ್ಕೆ ಅದು ಉಪಯೋಗ ಆಗಬಹುದು, ಕಲಿಯುವ ಮಕ್ಕಳಿಗೆ ಕೋಚ್ ಆರೇಳು ಮೀಟರ್ ದೂರದಲ್ಲಿ ಬಲೆಯ ಹಿಂದೆ ನಿಂತು ಕೆಳಗೈಯಲ್ಲಿ ಎಸೆದರೆ ಅದಕ್ಕಿಂತ ಚೆನ್ನಾಗಿ ಆಗುತ್ತದೆ. ಬಲೆ ಇಲ್ಲದೆ ಮಾತ್ರ ಎದುರಿಗೆ ನಿಲ್ಲಬೇಡಿ. ಹದಿನಾಲ್ಕರ ಹುಡುಗಿ ನೇರಕ್ಕೆ ಹೊಡೆದ ಚೆಂಡು ತಪ್ಪಿಸಿಕೊಳ್ಳಲು ಅಷ್ಟು ಹತ್ತಿರದಲ್ಲಿ ಯಾರಿಗೂ ಸಮಯ ಸಿಗುವುದಿಲ್ಲ.

ಹೆಲ್ಮೆಟ್ ಇಲ್ಲದೆ ನಿಜವಾದ ಚೆಂಡಿನಲ್ಲಿ ಅಭ್ಯಾಸ ಬೇಡವೇ ಬೇಡ. ಎರಡೂ ಕಿವಿ ಮುಚ್ಚಬೇಕು, ಮುಖಕ್ಕೆ ಕಂಬಿ ಇರಬೇಕು. ತಂಡಕ್ಕೆ ಒಂದೇ ಅಳತೆಯದ್ದು ತಂದರೆ ಅರ್ಧ ಮಂದಿಗೆ ಗಿರಗಿರ ತಿರುಗುತ್ತದೆ, ಇನ್ನರ್ಧ ಮಂದಿಗೆ ಒಳಗೇ ಹೋಗುವುದಿಲ್ಲ, ಹಾಗಾಗಿ ಕನಿಷ್ಠ ಎರಡು ಅಳತೆ ತನ್ನಿ. ಇನ್ನೊಂದು ವಿಷಯ ಇದೆ, ಗಂಡಸರು ಖರೀದಿಗೆ ಹೋದಾಗ ನೆನಪಿಗೇ ಬರುವುದಿಲ್ಲ. ನಮ್ಮ ಹುಡುಗಿಯರಿಗೆ ರಿಬ್ಬನ್ ಕಟ್ಟಿದ ಎರಡು ಜಡೆ ಇರುತ್ತದೆ. ಮೇಲಕ್ಕೆತ್ತಿ ಕಟ್ಟಿದ ಜಡೆಯ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ಹಿಂದೆ ಕೂದಲು ಹೊರಬರಲು ಜಾಗ ಬಿಟ್ಟಿರುವ ಹೆಲ್ಮೆಟ್‌ಗಳು ಬರುತ್ತವೆ, ಅವನ್ನೇ ಕೇಳಿ. ಸಿಗದಿದ್ದರೆ ಕತ್ತಿನ ಹತ್ತಿರ ತಗ್ಗಿಸಿ ಒಂದೇ ಜಡೆ ಹಾಕಿಸಿ. ಹೇನಿನ ಭಯ ಇರುವವರು ತಲೆಗೆ ಬಟ್ಟೆ ಕಟ್ಟಿಕೊಂಡು ಹಾಕಲಿ, ಆ ಕಾರಣಕ್ಕೆ ಹೆಲ್ಮೆಟ್ಟೇ ಬೇಡ ಅನ್ನುವ ಅಮ್ಮಂದಿರನ್ನೂ ನೋಡಿದ್ದೇನೆ.

ಬ್ಯಾಟಿಂಗ್ ಗ್ಲೌಸ್, ಬ್ಯಾಟಿನ ತುದಿಗೆ ಹಾಕುವ ಭಾರದ ಉಂಗುರ, ಹೊಳೆಯುವ ಚೀಲ ಇವೆಲ್ಲ ಸದ್ಯಕ್ಕೆ ಬೇಡ. ಆ ಉಂಗುರವನ್ನಂತೂ ಮಕ್ಕಳಿಂದ ದೂರ ಇಡಿ, ಮಣಿಕಟ್ಟು ಇನ್ನೂ ಬಲಿತಿರುವುದಿಲ್ಲ.

ಇಲಾಖೆಯವರಿಗೆ ನನ್ನ ಕೋರಿಕೆ ಚಿಕ್ಕದು. ಮೀರತ್, ಜಲಂಧರ್‌ನಲ್ಲಿ ತಯಾರಾಗುವ ಸಾಮಗ್ರಿ ನಮ್ಮೂರಿನ ಅಂಗಡಿಗೂ ಬರುತ್ತದೆ, ಸರಿಯಾಗಿ ಕೇಳಿದರೆ ಸರಿಯಾದದ್ದೇ ಸಿಗುತ್ತದೆ. ಆರ್ಡರ್ ಕೊಡುವಾಗ 'ಸಾಫ್ಟ್‌ಬಾಲ್ ಕಿಟ್ 1' ಅಂತ ಬರೆಯುವುದನ್ನು ನಿಲ್ಲಿಸಿ. ಬ್ಯಾಟಿನ ಉದ್ದ, ತೂಕ, ಚೆಂಡಿನ ಸುತ್ತಳತೆ, ಹೆಲ್ಮೆಟ್ ಅಳತೆ ಒಂದೊಂದಾಗಿ ಬರೆಯಿರಿ. ಶಾಲೆಯಲ್ಲಿ ಆಟ ಕಲಿಸುವವರು ಯಾರೋ ಅವರ ಸಹಿ ಇಲ್ಲದೆ ಆ ಪಟ್ಟಿ ಮುಂದಕ್ಕೆ ಹೋಗಬಾರದು. ಬಂದ ಮಾಲು ಪಟ್ಟಿಗೆ ಹೊಂದದಿದ್ದರೆ ಬಿಲ್ ಪಾಸು ಮಾಡದೆ ವಾಪಸ್ ಕಳಿಸುವ ಅಧಿಕಾರವೂ ಅವರಿಗೇ ಇರಲಿ.

— ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ ಜಿಲ್ಲೆ