ಅಜ್ಜಿಯ ಬಗ್ಗೆ ಬರೆಯುವ ಮೊದಲು

ಪುಟ್ಟೀ,

ಅವ್ವನ ವರ್ಷದ ಕಾರ್ಯದ ದಿನ ಓದೋಕೆ ಅಂತ ನೀನು ಬರೆದು ಕಳಿಸಿದ್ದು ಸಿಕ್ಕಿತು. ಬರಹ ಚೆನ್ನಾಗಿದೆ. ಆದರೆ ‘ಮಮತೆಯ ಮೂರ್ತಿ, ತ್ಯಾಗಮಯಿ, ಸಹನೆಯ ಕಡಲು’ ಅಂತೆಲ್ಲ ಹಾಕಿದ್ದೀಯಲ್ಲ, ಅದು ಯಾರ ಅಜ್ಜಿ ಮಾರಾಯ್ತಿ? ನಮ್ಮ ಅವ್ವನಿಗೆ ಸಹನೆ ಎಲ್ಲಿತ್ತು! ಮದುವೆಯಲ್ಲಿ ಗಂಡು ಹೆಣ್ಣು ಕೂರೋಕೆ ಅಂತ ಚಿತ್ತಾರ ಬರೆಯುವ ಹಸೆಗೋಡೆ ಮೇಲೆ ನಾನು ಎಳೆದ ಗೆರೆ ಒಂಚೂರು ಸೊಟ್ಟ ಆದರೆ ಸಾಕು, ಒದ್ದೆ ಬಟ್ಟೆ ತಂದು ಅಷ್ಟನ್ನೂ ಒರೆಸಿಬಿಡುತ್ತಿದ್ದಳು. ಒಂದು ಮಾತು ಆಡುತ್ತಿರಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅದನ್ನು ಬರೆ. ಬಿಳಿಗೆ ಅಕ್ಕಿ ನೆನೆಸಿ ರುಬ್ಬುತ್ತಿದ್ದಳು, ಕಪ್ಪಿಗೆ ಅದೇ ಅಕ್ಕಿಯನ್ನು ಸೀದು ಹೋಗುವ ತನಕ ಹುರಿಯುತ್ತಿದ್ದಳು, ಹಳದಿಗೆ ಗುರಿಗೆ ಕಾಯಿ. ಪುಂಡಿ ನಾರೇ ಕುಂಚ. ಕೆಮ್ಮಣ್ಣು ಬಳಿದ ಗೋಡೆ ಒಣಗುವವರೆಗೆ ಮಕ್ಕಳನ್ನು ಆ ಕಡೆ ಸುಳಿಯೋಕೂ ಬಿಡುತ್ತಿರಲಿಲ್ಲ. ನಮ್ಮ ದೀವರ ಮನೆಗಳಲ್ಲಿ ಮದುವೆ ಗೊತ್ತಾದರೆ ಹಸೆ ಬರೆಯೋಕೆ ಅಕ್ಕಪಕ್ಕದ ಊರಿನವರೂ ಅವಳನ್ನೇ ಕರೆಯೋಕೆ ಬರುತ್ತಿದ್ದರು. ಈಗ ಚಿತ್ತಾರಕ್ಕೆ ಫ್ರೇಮ್ ಹಾಕಿ ಮಾರುತ್ತಾರೆ. ಒಳ್ಳೇದೇ, ನಾಲ್ಕು ಹೆಂಗಸರಿಗೆ ದುಡ್ಡು ಬರುತ್ತೆ. ಅವ್ವ ಮಾತ್ರ ಒಂದನ್ನು ಕೈಗೆತ್ತಿಕೊಂಡು ನೋಡಿ, ‘ಇದರ ಮುಂದೆ ಗಂಡು ಹೆಣ್ಣು ಎಲ್ಲಿ ಕೂರ್ತಾರೆ?’ ಅಂತ ಕೇಳಿದ್ದಳು.

ಹುಟ್ಟಿದ ದಿನ ಜನವರಿ 1 ಅಂತ ಹಾಕಿದ್ದೀಯ. ಅದು ಆಧಾರ್ ಕಾರ್ಡಿಗೆ ಅಂತ ಯಾರೋ ಬರೆಸಿದ್ದು, ತೆಗೆದುಬಿಡು. ಹಿರೇಭಾಸ್ಕರ ಡ್ಯಾಮು ಮುಗಿದಾಗ ಅವಳು ಅಂಬೆಗಾಲಿಡುತ್ತಿದ್ದಳು ಅಂತ ಅವಳ ಅವ್ವ ಹೇಳಿದ್ದರಂತೆ. ಅದು ಮುಗಿದಿದ್ದು 1948ರಲ್ಲಿ. ಲೆಕ್ಕ ನೀನೇ ಹಾಕು. 1964ರಲ್ಲಿ ಲಿಂಗನಮಕ್ಕಿ ಡ್ಯಾಮು ಆಯಿತು. ಆ ನೀರಲ್ಲಿ ಹಳೇ ಡ್ಯಾಮೂ ಮುಳುಗಿತು, ಅವ್ವನ ತವರೂ ಮುಳುಗಿತು. ಅವಳಿಗೆ ಆಗಷ್ಟೇ ಮದುವೆಯಾಗಿತ್ತು. ಅವಳ ಅಪ್ಪ, ಅಣ್ಣಂದಿರು ಪಾತ್ರೆ, ದನ, ಬಾಗಿಲು ಸಮೇತ ಲಾರಿ ಹತ್ತಿ ಶಿವಮೊಗ್ಗ ಕಡೆಯ ಕಾಡಿಗೆ ಹೋದರು. ಹಬ್ಬಕ್ಕೆ ಹೋಗೋಣ ಅಂದರೆ ತವರೂರೇ ಇಲ್ಲ. ಅವಳ ಅಣ್ಣನ ಮಕ್ಕಳು ಇವತ್ತಿಗೂ ಆ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನೀನು ಇದನ್ನೆಲ್ಲ ‘ಕಷ್ಟಗಳನ್ನು ನಗುತ್ತಲೇ ಎದುರಿಸಿದರು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ನಗುತ್ತಲೇ ಏನೂ ಎದುರಿಸಲಿಲ್ಲ. ಸಿಗಂದೂರಿಗೆ ಹೋಗುವಾಗ ಆ ಹಿನ್ನೀರು ದಾಟೋಕೆ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದರೆ ಆ ದಡ ಸೇರುವವರೆಗೂ ಗೊಣಗುತ್ತಿದ್ದಳು. ‘ನಮ್ಮ ಗದ್ದೆ ಮುಳುಗಿಸಿ ಊರಿಗೆಲ್ಲ ದೀಪ ಹಚ್ಚಿದ್ರು, ನಮ್ಮ ಮನೆಗೆ ಬಿಟ್ಟು’ ಅಂತ ಪಕ್ಕದಲ್ಲಿ ಕೂತ ಪರವೂರಿನವರಿಗೂ ಹೇಳುತ್ತಿದ್ದಳು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತಲ್ಲ, ಅದನ್ನು ನೋಡದೇ ಹೋದಳು. ನೋಡಿದ್ದರೆ ಅದಕ್ಕೂ ಒಂದು ಮಾತು ಇರುತ್ತಿತ್ತು ಬಿಡು.

ಸಿಟ್ಟು ಬರೆದರೆ ಮರ್ಯಾದೆ ಹೋಗುತ್ತೆ ಅಂತ ನಿಮ್ಮಮ್ಮ ಹೇಳಬಹುದು. ಅವಳ ಮಾತು ಕೇಳಬೇಡ. ಆ ಸಿಟ್ಟು ಇದ್ದಿದ್ದರಿಂದಲೇ ಅವ್ವ ನಮ್ಮಿಬ್ಬರನ್ನೂ ಹಟ ಹಿಡಿದು ಶಾಲೆಗೆ ಕಳಿಸಿದಳು. ಕಾಗದ ಓದೋಕೆ ಬರದವರ ಜಮೀನು ಹೇಗೆ ಹೋಗುತ್ತೆ ಅಂತ ಅವಳಿಗೆ ಗೊತ್ತಿತ್ತು.

ಇನ್ನೊಂದು ವಿಷಯ. ಅವ್ವನ ಜೊತೆ ಹಸೆ ಹಾಡು ಹೇಳುತ್ತಿದ್ದವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಒಬ್ಬರಿಗೆ ಕಿವಿ ಕೇಳುವುದಿಲ್ಲ, ಆದರೆ ಹಾಡು ತಪ್ಪುವುದಿಲ್ಲ. ಕಾರ್ಯದ ದಿನ ಗದ್ದಲದಲ್ಲಿ ಆಗಲ್ಲ, ಮೊದಲೇ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಅವರ ಮಾತನ್ನು ತಿದ್ದೋಕೆ ಹೋಗಬೇಡ. ಮಧ್ಯೆ ಕೆಮ್ಮಿದರೂ ಇರಲಿ, ಅವ್ವನನ್ನು ಆಡಿಕೊಂಡರೂ ಇರಲಿ.

ದಸರಾಕ್ಕೆ ರಜೆ ಹಾಕಿ ಬಾ. ಭೂಮಿ ಹುಣ್ಣಿಮೆಯೊಳಗೆ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಮೇಲೆ ಚಿತ್ತಾರ ಬರೆದು ಮುಗಿಸಬೇಕು. ಬುಟ್ಟಿ ತಂದು ಕೆಮ್ಮಣ್ಣು ಬಳಿದಿಟ್ಟಿರುತ್ತೇನೆ. ದೊಡ್ಡದು ನನಗೆ, ಚಿಕ್ಕದು ನಿನಗೆ. ಸೊಟ್ಟ ಆದರೆ ಒರೆಸುತ್ತೇನೆ, ಈಗಲೇ ಹೇಳಿದ್ದೇನೆ.

ನಿನ್ನ
ದೊಡ್ಡಮ್ಮ